ಅರವತ್ತು ದಾಟಿದ ಮೇಲೆ ಹೊರದೇಶದ ಸೇವೆ: ದಂಪತಿ ಮಿಷನರಿಗಳ ದಿನ ಹೇಗೆ ಕಳೆಯುತ್ತದೆ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು. ನನಗೆ 67 ವರ್ಷ, ನನ್ನ ಶ್ರೀಮತಿಗೆ 63. ನಾನು ಬ್ಯಾಂಕಿನಿಂದಲೂ ಅವರು ಸರ್ಕಾರಿ ಪ್ರೌಢಶಾಲೆಯಿಂದಲೂ ನಿವೃತ್ತರಾಗಿದ್ದೇವೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ನ ಸದಸ್ಯರಾದೆವು. ಈಗ 18 ತಿಂಗಳ ಮಟ್ಟಿಗೆ ಹಿರಿಯ ದಂಪತಿ ಮಿಷನರಿಗಳಾಗಿ ಹೊರದೇಶಕ್ಕೆ ಹೋಗಲು ಅರ್ಜಿ ಹಾಕಬೇಕೆಂದಿದ್ದೇವೆ. ಫಿಜಿ ದೇಶದ ಸುವಾದಲ್ಲಿ ಕಚೇರಿ ಕೆಲಸಕ್ಕೆ ದಂಪತಿ ಬೇಕಾಗಿದ್ದಾರೆಂದು ತಿಳಿದು ಅದನ್ನೇ ನಮ್ಮ ಇಚ್ಛೆಯಾಗಿ ಬರೆಯುವ ಯೋಚನೆಯಿದೆ. ನನಗೆ ಸಕ್ಕರೆ ಕಾಯಿಲೆ, ಇಬ್ಬರಿಗೂ ರಕ್ತದೊತ್ತಡ. ಎರಡು ಎಕರೆ ಅಡಿಕೆ ತೋಟವಿದೆ. 88 ವರ್ಷದ ತಾಯಿಯವರು ನನ್ನ ತಮ್ಮನ ಮನೆಯಲ್ಲಿದ್ದಾರೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ಈ ವಯಸ್ಸಿನಲ್ಲಿ ಮನೆಮನೆ ತಿರುಗಿ ಬೋಧಿಸಬೇಕಾಗುತ್ತದೆಯೇ? ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ನಿಜಕ್ಕೂ ಏನು ಮಾಡುತ್ತಾರೆ? ಹೋದಲ್ಲಿ ಇನ್ನೊಬ್ಬರಿಗೆ ಹೊರೆಯಾಗುತ್ತೇವೆಯೇ?

ಉತ್ತರ: ಬಾಗಿಲು ತಟ್ಟುವ ಆತಂಕವನ್ನು ಮೊದಲು ಬಗೆಹರಿಸೋಣ. ಬಿಳಿ ಅಂಗಿ ತೊಟ್ಟು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ನೀವು ಬೆಂಗಳೂರಿನಲ್ಲಿ ನೋಡಿದ್ದೀರಿ. 18–19ರ ವಯಸ್ಸಿಗೇ ಹೊರಡುವ ಆ ಯುವ ಮಿಷನರಿಗಳಲ್ಲಿ ಹುಡುಗರದು ಎರಡು ವರ್ಷದ ಸೇವೆ, ಹುಡುಗಿಯರದು 18 ತಿಂಗಳದ್ದು. ಏಳುವ ಹೊತ್ತು, ಓದುವ ಹೊತ್ತು, ಮಲಗುವ ಹೊತ್ತು ಎಲ್ಲವೂ ಅವರಿಗೆ ನಿಗದಿಯಾಗಿರುತ್ತದೆ, ಜೊತೆಗಾರನನ್ನು ಬಿಟ್ಟು ಅವರು ಎಲ್ಲಿಗೂ ಹೋಗುವಂತಿಲ್ಲ. ಹಿರಿಯ ದಂಪತಿಗಳಿಗೆ ಈ ಕಟ್ಟುಪಾಡು ಇಲ್ಲ. ಆಸಕ್ತಿಯಿಂದ ಕೇಳಿದವರಿಗೆ ನಿಮ್ಮ ನಂಬಿಕೆಯ ವಿಷಯ ಹೇಳಲು ನಿಮಗೆ ಸ್ವಾತಂತ್ರ್ಯವಿದೆಯೇ ಹೊರತು, ಬೀದಿ ಬೀದಿ ಸುತ್ತಿ ಬೋಧಿಸಿರೆಂದು ನಿಮ್ಮನ್ನು ಯಾರೂ ಒತ್ತಾಯಿಸುವುದಿಲ್ಲ. ನಿಮ್ಮ ಪಾಲಿಗೆ ಬರುವುದು ಬಹುಮಟ್ಟಿಗೆ ಕಚೇರಿಯ ಕೆಲಸ, ಯುವ ಮಿಷನರಿಗಳ ವಸತಿ ಮತ್ತು ಆರೋಗ್ಯದ ಉಸ್ತುವಾರಿ, ಸ್ಥಳೀಯ ಸದಸ್ಯರ ಸಣ್ಣ ಸಭೆಗಳಿಗೆ ಬೆಂಬಲ, ವಂಶಾವಳಿಯ ದಾಖಲೆ, ಪರಿಹಾರ ಕಾರ್ಯ ಇಂಥವುಗಳಲ್ಲಿ ಒಂದು ಅಥವಾ ಎರಡು.

ಇಚ್ಛೆಯನ್ನು ಬರೆಯಬಹುದು, ಆದರೆ ಕರೆ, ಅಂದರೆ ಸೇವೆಯ ನೇಮಕ, ಎಲ್ಲಿಗೆ ಬರುತ್ತದೆಂಬುದು ಅಂತಿಮವಾಗಿ ಚರ್ಚಿನ ಮುಖ್ಯ ಕಚೇರಿಯಲ್ಲಿ ತೀರ್ಮಾನವಾಗುತ್ತದೆ. ಸುವಾ ಎಂದು ಬರೆದವರಿಗೆ ಬೇರೊಂದು ದೇಶದ ಕರೆ ಬಂದರೆ ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಇಬ್ಬರೂ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸುವಾ ಎಂದೇ ಇಟ್ಟುಕೊಂಡು ಮುಂದಿನದನ್ನು ಬರೆಯುತ್ತೇನೆ. ಇಂಥ ಸೇವೆಗೆ ಹೊರಟ ನಿವೃತ್ತ ದಂಪತಿಗಳ ತಯಾರಿಯಲ್ಲಿ ಹಲವು ವರ್ಷಗಳಿಂದ ನೆರವಾಗುತ್ತ ಬಂದಿರುವ ನನಗೆ ಕಂಡಿರುವುದು ಇಷ್ಟು: ಅಲ್ಲಿಯ ಕೆಲಸ ಅರವತ್ತು ದಾಟಿದವರ ಕೈಗೆ ಮೀರಿದ್ದಲ್ಲ, ಜನರು ಸೋಲುವುದು ಗಂಡ ಹೆಂಡತಿ ಇಬ್ಬರೇ ದಿನವಿಡೀ ಒಟ್ಟಿಗಿರಬೇಕಾದ ಕಡೆ ಮತ್ತು ಬಿಟ್ಟುಬಂದ ಮನೆಯ ಚಿಂತೆಯ ಕಡೆ. ತಯಾರಿಯೆಲ್ಲ ಸಾಮಾನ್ಯವಾಗಿ ಕೆಲಸದ ಬಗ್ಗೆಯೇ ನಡೆಯುತ್ತದೆ, ಈ ಎರಡರ ಬಗ್ಗೆ ನಡೆಯುವುದಿಲ್ಲ.

ದಿನಚರಿಗೆ ಬರೋಣ. ಹೊರಡುವ ಮೊದಲು ಹಿರಿಯರಿಗೆ ಸಿಗುವ ತರಬೇತಿ ಕೆಲವೇ ದಿನಗಳದ್ದು. ಕೆಲಸವನ್ನು ಹೆಚ್ಚಾಗಿ ಕಲಿಯುವುದು ಹಿಂದಿನ ದಂಪತಿ ಬಿಟ್ಟುಹೋದ ಕಡತಗಳಿಂದ, ಅದೃಷ್ಟವಿದ್ದರೆ ಅವರ ಬಾಯಿಂದಲೇ. ಕಚೇರಿ ದಂಪತಿಯ ದಿನ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಶುರುವಾಗುತ್ತದೆ. ಬಂದ ಟಪಾಲನ್ನು ವಿಂಗಡಿಸುವುದು, ಹೊಸದಾಗಿ ಬರುವ ಮತ್ತು ಸೇವೆ ಮುಗಿಸಿ ಮರಳುವ ಹುಡುಗರ ವಿಮಾನ ಟಿಕೆಟ್ ನೋಡುವುದು, ಯಾರ ವಾಸದ ಪರವಾನಗಿ ಯಾವ ತಿಂಗಳು ಮುಗಿಯುತ್ತದೆಂದು ಪಟ್ಟಿ ಇಟ್ಟು ಸಮಯಕ್ಕೆ ಸರಿಯಾಗಿ ನವೀಕರಣದ ಅರ್ಜಿ ಕೊಡುವುದು, ಬಾಡಿಗೆ ಮನೆಗಳ ಕರಾರು, ವಿದ್ಯುತ್ ಮತ್ತು ನೀರಿನ ಬಿಲ್ಲು, ಮಿಷನ್ನಿನ ವಾಹನಗಳ ವಿಮೆ ಮತ್ತು ರಿಪೇರಿ, ತಿಂಗಳ ಖರ್ಚಿನ ಲೆಕ್ಕ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನಿಮಗೆ ಇದರಲ್ಲಿ ಹೊಸದೆನ್ನುವಂಥದ್ದು ಕಡಿಮೆ. ತಂತ್ರಾಂಶ ಬೇರೆ ಇರುತ್ತದೆ, ಅದನ್ನು ಕಲಿಯಲು ಕೆಲವು ವಾರ ಬೇಕಾಗುತ್ತದೆ. ನಿಮ್ಮ ಶ್ರೀಮತಿಯವರನ್ನು ಬರಿಯ ಸಹಾಯಕಿಯೆಂದು ಯಾರೂ ನೋಡುವುದಿಲ್ಲ. ಕರೆ ಇಬ್ಬರ ಹೆಸರಿನಲ್ಲಿಯೂ ಬರುತ್ತದೆ, ಕೆಲಸವನ್ನೂ ಇಬ್ಬರಿಗೂ ಹಂಚುತ್ತಾರೆ. ಎಷ್ಟೋ ಕಚೇರಿಗಳಲ್ಲಿ ಹೆಂಡತಿಯೇ ಕಾರ್ಯದರ್ಶಿ, ಗಂಡ ವಾಹನ ಮತ್ತು ವಸತಿಯ ಹೊಣೆಗಾರ.

ಮಧ್ಯಾಹ್ನದ ಮೇಲೆ ವಸತಿಯ ಕೆಲಸ. ಹತ್ತೊಂಬತ್ತರ ಹುಡುಗರು ವಾಸಿಸುವ ಮನೆ ಹೇಗಿರುತ್ತದೆಂಬುದನ್ನು ಶಾಲೆಯಲ್ಲಿ ಜೀವಮಾನ ಕಳೆದ ನಿಮ್ಮ ಶ್ರೀಮತಿಯವರಿಗೆ ನಾನು ಹೇಳಬೇಕಾಗಿಲ್ಲ. ಆ ಮನೆಗಳಿಗೆ ಹೋಗಿ ಹೊಗೆಯ ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿದೆಯೇ, ಸ್ನಾನದ ಮನೆಯಲ್ಲಿ ನೀರು ನಿಲ್ಲುತ್ತಿದೆಯೇ, ಕಿಟಕಿಯ ಸೊಳ್ಳೆಪರದೆ ಹರಿದಿದೆಯೇ ಎಂದು ನೋಡಬೇಕು. ಹೊಸ ಜೋಡಿ ಬರುವಾಗ ಹಾಸಿಗೆ, ಮಂಚ, ಪಾತ್ರೆಪಗಡೆ ಹೊಂದಿಸಿ ಕೊಡಬೇಕು. ಜ್ವರ ಬಂದವನನ್ನು ವೈದ್ಯರಲ್ಲಿಗೆ ಕರೆದೊಯ್ಯುವ ಕೆಲಸವೂ ಬಹಳ ಸಲ ಹಿರಿಯರ ಪಾಲಿಗೇ ಬರುತ್ತದೆ. ಇವುಗಳ ನಡುವೆ ಹುಡುಗರು ಎರಡು ಮಾತು ಆಡಿಕೊಂಡು ಹೋಗಲೆಂದೇ ಕಚೇರಿಗೆ ಬರುತ್ತಾರೆ. ಮನೆಯ ನೆನಪು, ಜೊತೆಗಾರನೊಂದಿಗೆ ಮನಸ್ತಾಪ, ಊರಿನಲ್ಲಿ ತಂದೆಗೆ ಹುಷಾರಿಲ್ಲವೆಂಬ ಸುದ್ದಿ, ಎಲ್ಲವೂ ನಿಮ್ಮ ಕಿವಿಗೆ ಬೀಳುತ್ತವೆ. ಕೇಳಿಸಿಕೊಳ್ಳಿ, ಊಟಕ್ಕೆ ಕೂರಿಸಿ. ಆದರೆ ಶಿಸ್ತಿನ ವಿಷಯ ಬಂದಾಗ ಅಲ್ಲಿಯ ಮಿಷನರಿಗಳೆಲ್ಲರ ಮೇಲ್ವಿಚಾರಕರಾದ ಮಿಷನ್ ಅಧ್ಯಕ್ಷರಿಗೆ ಬಿಟ್ಟುಬಿಡಿ. ಅಜ್ಜ ಅಜ್ಜಿಯರ ಸಲುಗೆಯಲ್ಲಿ ನಡುವೆ ತೀರ್ಪು ಕೊಡಲು ಹೋದವರು ಎರಡೂ ಕಡೆಯವರಿಂದ ಮಾತು ಕೇಳಿಸಿಕೊಂಡಿದ್ದಾರೆ.

ಸಂಜೆ ಮತ್ತು ಭಾನುವಾರಗಳು ಸಭೆಗೆ. ಭಾನುವಾರದ ಆರಾಧನೆ 2019ರ ಜನವರಿಯಿಂದ ಮೂರು ಗಂಟೆಯ ಬದಲು ಎರಡು ಗಂಟೆಗೆ ಇಳಿದಿರುವುದು ನಿಮಗೆ ಗೊತ್ತೇ ಇದೆ. ಹಿರಿಯರಿಗೆ ಹಾಗೆ ಉಳಿಯುವ ಹೊತ್ತು ಉಳಿದಿರುವುದಿಲ್ಲ, ಏಕೆಂದರೆ ಆರಾಧನೆ ಮುಗಿದ ಮೇಲೆ ಯಾರಿಗೋ ದಾಖಲೆ ಪುಸ್ತಕ ಬರೆಯುವುದನ್ನು ಕಲಿಸಬೇಕು, ಯಾರಿಗೋ ಕೀಬೋರ್ಡಿನಲ್ಲಿ ಎರಡು ಸ್ತೋತ್ರ ನುಡಿಸುವುದನ್ನು ತೋರಿಸಬೇಕು, ಬಹಳ ದಿನದಿಂದ ಬಾರದೆ ಇರುವ ಮುದುಕಿಯೊಬ್ಬರ ಮನೆಗೆ ಹೋಗಿ ಬರಬೇಕು. ವಾರದಲ್ಲಿ ಒಂದು ದಿನ ಸ್ವಂತ ಕೆಲಸಕ್ಕೆ ಬಿಡುವು ಸಿಗುತ್ತದೆ. ಬಟ್ಟೆ ಒಗೆಯುವುದು, ಸಂತೆ, ಪತ್ರ, ಒಂದಿಷ್ಟು ಊರು ನೋಡುವುದು ಅಂದೇ ಆಗಬೇಕು. ಸುವಾದಲ್ಲಿ 2000ದಲ್ಲಿ ಪ್ರತಿಷ್ಠೆಯಾದ ಚರ್ಚಿನ ದೇವಾಲಯವೇ ಇದೆ, ಅಲ್ಲಿಗೆ ಬಿಡುವಿದ್ದಾಗ ಹೋಗಿಬರಬಹುದು. ಹೀಗೆ ನೋಡಿದರೆ ದಿನಕ್ಕೆ ಏಳೆಂಟು ಗಂಟೆಯ ಕೆಲಸ. ದಣಿವಾದರೆ ಮಧ್ಯಾಹ್ನ ಒಂದು ಗಳಿಗೆ ಮಲಗಿ ಏಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಈ ದಿನಚರಿ ಕೈಗೆ ಹತ್ತುವ ಮೊದಲು ಒಂದೆರಡು ತಿಂಗಳ ಖಾಲಿತನ ಇರುತ್ತದೆ. ಯಾರೂ ಕೆಲಸ ಹೇಳುವುದಿಲ್ಲ, ಹೇಳಿದ್ದು ಅರ್ಥವಾಗುವುದಿಲ್ಲ, ಇಲ್ಲಿಗೆ ಯಾಕೆ ಬಂದೆವೆಂದು ಇಬ್ಬರಿಗೂ ಅನ್ನಿಸುತ್ತದೆ. ಶಾಖೆಯ ಮ್ಯಾನೇಜರ್ ಆಗಿ ಇಪ್ಪತ್ತು ಜನರ ಮೇಲೆ ಅಧಿಕಾರ ನಡೆಸಿದವರಿಗೆ ಈ ಕಾಲ ಇನ್ನಷ್ಟು ಕಷ್ಟ. ಮಿಷನ್ ಅಧ್ಯಕ್ಷರು ಸಾಮಾನ್ಯವಾಗಿ ಮೂರು ವರ್ಷದ ಅವಧಿಗೆ ಬರುವವರು, ನಿಮಗಿಂತ ಹತ್ತು ಹದಿನೈದು ವರ್ಷ ಚಿಕ್ಕವರೂ ಆಗಿರಬಹುದು. ಅವರು ಹೇಳಿದಂತೆ ಕೇಳಬೇಕು. ಹಳೆಯ ಪದ್ಧತಿ ತಪ್ಪೆಂದು ನಿಮಗೆ ಮೊದಲ ವಾರವೇ ಗೊತ್ತಾದರೂ ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಹೇಳಿ, ಆಗ ಕೇಳುತ್ತಾರೆ.

ಇನ್ನು ಇಬ್ಬರೇ ಇರುವ ಮಾತು. ನಮ್ಮ ಮಲೆನಾಡಿನ ಮನೆಗಳಲ್ಲಿ ನಲವತ್ತು ವರ್ಷ ಸಂಸಾರ ಮಾಡಿದವರೂ ದಿನದಲ್ಲಿ ಎಷ್ಟು ಹೊತ್ತು ಎದುರುಬದುರು ಕುಳಿತಿರುತ್ತಾರೆಂದು ಲೆಕ್ಕ ಹಾಕಿ ನೋಡಿ. ಗಂಡಸರು ಬೆಳಿಗ್ಗೆ ತೋಟದ ಕಡೆ, ಆಮೇಲೆ ಸೊಸೈಟಿಯ ಕಡೆ ಅಥವಾ ಪೇಟೆಗೆ. ಹೆಂಗಸರಿಗೆ ಒಳಗಿನ ಕೆಲಸ, ಅಂಗಳದ ಕೆಲಸ, ಬಂದುಹೋಗುವ ನೆಂಟರು, ಪಕ್ಕದ ಮನೆಯವರು. ಊಟದ ಹೊತ್ತಿಗೆ ಭೇಟಿ, ರಾತ್ರಿ ಟಿವಿಯ ಮುಂದೆ ಇನ್ನೊಂದು ಭೇಟಿ. ಮನಸ್ತಾಪವಾದರೆ ಒಬ್ಬರು ತೋಟಕ್ಕೆ ಇಳಿದರಾಯಿತು. ಸುವಾದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಳಿಯಲು ತೋಟವಿಲ್ಲ. ಒಂದೇ ಕಾರಿನಲ್ಲಿ ಒಂದೇ ಕಚೇರಿಗೆ ಹೋಗಿ, ಎದುರುಬದುರು ಮೇಜಿನಲ್ಲಿ ಕೆಲಸ ಮಾಡಿ, ಒಟ್ಟಿಗೆ ಸಂತೆ ಮಾಡಿ, ಒಟ್ಟಿಗೆ ಮನೆಗೆ ಬರಬೇಕು. ಕಚೇರಿಯಲ್ಲಿ ನೀವು ಮಾಡಿದ ತಪ್ಪನ್ನು ಹೆಂಡತಿ ನೋಡುತ್ತಾರೆ, ಅವರು ಕಂಪ್ಯೂಟರಿನ ಮುಂದೆ ತಡವರಿಸುವುದನ್ನು ನೀವು ನೋಡುತ್ತೀರಿ. ಕನ್ನಡ ಬರುವ ಮೂರನೆಯ ಮನುಷ್ಯ ಹತ್ತಿರದಲ್ಲಿ ಇರುವುದಿಲ್ಲವಾದ್ದರಿಂದ ಎಲ್ಲ ಅಸಮಾಧಾನವೂ ಪರಸ್ಪರರ ಮೇಲೆಯೇ ಇಳಿಯುತ್ತದೆ. ಸೇವೆ ಅರ್ಧಕ್ಕೆ ನಿಲ್ಲಿಸಬೇಕೆಂದು ಬರೆದವರಲ್ಲಿ ಕೆಲಸ ಹೆಚ್ಚಾಯಿತೆಂದು ಹೇಳಿದವರು ನನಗೆ ಸಿಕ್ಕಿಲ್ಲ. ಕಾಯಿಲೆ ಬಿಟ್ಟರೆ ಇದೇ ಕಾರಣ, ಅದನ್ನೂ ಬಾಯಿಬಿಟ್ಟು ಹೇಳುವವರು ಕಡಿಮೆ.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ ಎಂಬುದು ನನ್ನ ಗಟ್ಟಿ ಸಲಹೆ. ಶಿವಮೊಗ್ಗದಲ್ಲಿ, ಪರಿಚಯದವರು ಕಡಿಮೆ ಇರುವ ಬಡಾವಣೆಯೊಂದರಲ್ಲಿ, ಸಣ್ಣ ಮನೆಯೊಂದನ್ನು ಒಂದೆರಡು ತಿಂಗಳ ಮಟ್ಟಿಗೆ ಬಾಡಿಗೆಗೆ ಹಿಡಿಯಿರಿ. ಕೆಲಸದವರನ್ನು ಇಟ್ಟುಕೊಳ್ಳಬೇಡಿ, ವಾರವಾರ ಊರಿಗೆ ಓಡಬೇಡಿ. ವೃದ್ಧಾಶ್ರಮವೋ ಸರ್ಕಾರಿ ಶಾಲೆಯೋ ಆಸ್ಪತ್ರೆಯೋ ಯಾವುದಾದರೊಂದು ಕಡೆ ಇಬ್ಬರೂ ಒಟ್ಟಿಗೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಸಂಬಳವಿಲ್ಲದ ಕೆಲಸ ಮಾಡಿ. ಅಡುಗೆಯನ್ನು ದಿನ ಬಿಟ್ಟು ದಿನ ಹಂಚಿಕೊಳ್ಳಿ. ಇದುವರೆಗೆ ಒಲೆಯ ಹತ್ತಿರ ಹೋಗದವರಾಗಿದ್ದರೆ ಈಗ ಕಲಿಯಿರಿ, ಏಕೆಂದರೆ ದಿನವಿಡೀ ನಿಮ್ಮಷ್ಟೇ ದುಡಿದು ಬಂದವರು ರಾತ್ರಿ ಒಬ್ಬರೇ ಅಡುಗೆ ಮಾಡಬೇಕೆಂಬುದು ಆರನೆಯ ವಾರಕ್ಕೆ ಜಗಳವಾಗುತ್ತದೆ. ಈ ಅವಧಿ ಮುಗಿದ ಮೇಲೆ ನಿಮ್ಮ ಶ್ರೀಮತಿಯವರನ್ನು ಒಂಟಿಯಾಗಿ, ಬೇಕಿದ್ದರೆ ಮಗಳ ಮೂಲಕ, ಹೋಗಲು ನಿಜಕ್ಕೂ ಮನಸ್ಸಿದೆಯೇ ಎಂದು ಕೇಳಿಸಿ. ನಿಮ್ಮ ಪತ್ರದಲ್ಲಿ ‘ನಾವು’ ಎಂಬುದು ಧಾರಾಳವಾಗಿದೆ, ಅವರ ಮಾತು ಮಾತ್ರ ಎಲ್ಲಿಯೂ ಇಲ್ಲ. ಅವರು ಬೇಡವೆಂದರೆ ಹೋಗಬೇಡಿ.

ಊಟ ಬಟ್ಟೆಯ ವಿಷಯದಲ್ಲಿ ಫಿಜಿ ಮಲೆನಾಡಿಗರಿಗೆ ಅನ್ಯವೆನಿಸುವ ಜಾಗವಲ್ಲ. ಸುವಾದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ, ಅದೂ ವರ್ಷವಿಡೀ ಹಂಚಿಕೊಂಡು ಸುರಿಯುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ; ಆಗ ಕುಡಿಯುವ ನೀರು, ಟಾರ್ಚು, ಒಣ ದಿನಸಿ ಮನೆಯಲ್ಲಿ ಇಟ್ಟುಕೊಂಡಿರಲು ಹೇಳುತ್ತಾರೆ, ಹೇಳಿದಂತೆ ಮಾಡಿ. ಪೇಟೆಯಲ್ಲಿ ಕೆಸುವಿನ ಗಡ್ಡೆಯೂ ಎಲೆಯೂ ದಿನಾ ಸಿಗುವುದರಿಂದ ಪತ್ರೊಡೆಗೆ ತೊಂದರೆಯಿಲ್ಲ. ಮರಗೆಣಸು, ದೀವಿಹಲಸು, ತೆಂಗು, ಬೆಂಡೆ, ಬದನೆ, ಕರಿಬೇವು ಇವೆ; ಅಕ್ಕಿ, ಬೇಳೆ, ಗೋಧಿಹಿಟ್ಟು, ಸಾಂಬಾರ ಪದಾರ್ಥ ಭಾರತೀಯ ಮೂಲದವರ ಅಂಗಡಿಗಳಲ್ಲಿ ಸಿಗುತ್ತವೆ. ಅಲ್ಲಿಯ ವಿದ್ಯುತ್ 240 ವೋಲ್ಟಿನದು, ಆದ್ದರಿಂದ ಪ್ಲಗ್ ಬದಲಿಸುವ ಅಡಾಪ್ಟರ್ ಇದ್ದರೆ ನಮ್ಮ ಮಿಕ್ಸಿ ನಡೆಯುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಯ್ಯುವ ಆಸೆಯನ್ನು ಮಾತ್ರ ಹತೋಟಿಯಲ್ಲಿಡಿ: ದ್ವೀಪ ರಾಷ್ಟ್ರಗಳು ಬೀಜ, ಕಾಯಿ, ಸೊಪ್ಪು, ಮನೆಯ ತಿಂಡಿಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಯ್ದದ್ದನ್ನೆಲ್ಲ ವಿಮಾನ ನಿಲ್ದಾಣದ ಚೀಟಿಯಲ್ಲಿ ಬರೆದು ತೋರಿಸಿ, ಅವರು ಬೇಡವೆಂದದ್ದನ್ನು ಅಲ್ಲಿಯೇ ಬಿಟ್ಟುಬಿಡಿ. ಅಡಿಕೆಯನ್ನಂತೂ ಪೆಟ್ಟಿಗೆಗೆ ಹಾಕಲೇಬೇಡಿ. ಉಡುಪಿನ ಬಗ್ಗೆ ಒಂದು ಸಮಾಧಾನವಿದೆ. ಫಿಜಿಯಲ್ಲಿ ಗಂಡಸರು ಔಪಚಾರಿಕ ಸಂದರ್ಭದಲ್ಲಿಯೂ ಸುಲು ಎಂಬ ಮೊಣಕಾಲಿನ ಕೆಳಗಿಳಿಯುವ ವಸ್ತ್ರವನ್ನು ಉಡುತ್ತಾರೆ, ಮಿಷನರಿಗಳೂ ಬಿಳಿ ಅಂಗಿ ಮತ್ತು ಟೈ ಜೊತೆಗೆ ಅದನ್ನೇ ಉಡುವುದುಂಟು. ಪಂಚೆಯ ಅಭ್ಯಾಸವಿದ್ದವರಿಗೆ ಆ ಸೆಕೆಯಲ್ಲಿ ಅದೇ ಹಿತ.

ಜನರ ಬಗ್ಗೆ ಸ್ವಲ್ಪ ಓದಿಕೊಂಡು ಹೋಗಿ. 1879ರಿಂದ 1916ರವರೆಗೆ ಬ್ರಿಟಿಷರು ಕಬ್ಬಿನ ತೋಟಗಳ ಕೂಲಿಗೆಂದು ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಮೇಲೆ ಫಿಜಿಗೆ ಸಾಗಿಸಿದರು. ಗಿರ್ಮಿಟ್ ಎಂದು ಅಲ್ಲಿ ಇಂದಿಗೂ ಹೇಳುವುದು ಆ ಕರಾರನ್ನೇ. 1903ರ ನಂತರ ಮದರಾಸಿನ ಬಂದರಿನಿಂದಲೂ ಹಡಗುಗಳು ಹೋದವು, ಹಾಗಾಗಿ ತಮಿಳು, ತೆಲುಗು, ಮಲಯಾಳಂ ಮೂಲದ ಮನೆತನಗಳೂ ಅಲ್ಲಿವೆ. ಈಗ ಅವರ ಆಡುಮಾತು ಬಹುತೇಕ ಫಿಜಿ ಹಿಂದಿ. ನಿಮಗೆ ಬರುವ ಶಾಲೆಯ ಹಿಂದಿಗೆ ಅವರು ನಗುತ್ತಾರೆ, ಆದರೆ ಮನೆಯೊಳಗೆ ಕರೆಯುತ್ತಾರೆ. ಇಲ್ಲಿ ಎಚ್ಚರ ಬೇಕಾದ ವಿಷಯವೂ ಇದೆ. ಕರಾರಿನ ಕೂಲಿಯ ಸಂಕಟದಲ್ಲಿ ರಾಮಾಯಣವನ್ನು ಹಿಡಿದುಕೊಂಡು ಬದುಕಿದ ಆ ಮನೆತನಗಳಿಗೆ ಅವರ ಧರ್ಮ ಬಹಳ ಹತ್ತಿರದ್ದು. ಭಾರತದಿಂದಲೇ ಬಂದ ನಿಮ್ಮ ಎದೆಯ ಮೇಲೆ ಮಿಷನರಿಯ ಹೆಸರುಪಟ್ಟಿ ಕಂಡರೆ ಕೆಲವರು ಹಿಂದೆ ಸರಿಯಬಹುದು. ಉದ್ದೇಶ ಮರೆಮಾಚಿ ಸ್ನೇಹ ಬೆಳೆಸಬೇಡಿ, ಸ್ನೇಹವಾದ ಮೇಲೆ ಧರ್ಮದ ಮಾತನ್ನು ಅವರ ಮೇಲೆ ಹೇರಬೇಡಿ. ಈ ಮಾತು ತೀರ್ಥಹಳ್ಳಿಯ ನೆರೆಹೊರೆಗೂ ಅನ್ವಯಿಸುತ್ತದೆ: ಮಗಳ ಮನೆಗೆ ಹೋಗುತ್ತೇವೆಂದು ಸುಳ್ಳು ಹೇಳುವುದಕ್ಕಿಂತ, ಚರ್ಚಿನ ಸೇವೆಗೆ ಹೋಗುತ್ತಿದ್ದೇವೆಂದು ನೇರವಾಗಿ ಹೇಳಿ ಹೊರಡುವುದು ಮೇಲು.

ಆರೋಗ್ಯದ ಬಗ್ಗೆ: ಅರ್ಜಿಯ ಭಾಗವಾಗಿಯೇ ವೈದ್ಯರ ಮತ್ತು ದಂತವೈದ್ಯರ ತಪಾಸಣೆ ಇರುತ್ತದೆ. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ, ಆದರೆ ಅವುಗಳನ್ನು ಮುಚ್ಚಿಡಬಾರದು. ಮುಚ್ಚಿಟ್ಟರೆ ಎಲ್ಲಿಗೆ ಕಳಿಸಬೇಕೆಂಬ ನಿರ್ಧಾರವೇ ತಪ್ಪಾಗುತ್ತದೆ. ಮಾತ್ರೆಗಳ ಚೀಟಿಯಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಇರಲಿ, ಏಕೆಂದರೆ ನಮ್ಮ ಮೆಡಿಕಲ್ ಅಂಗಡಿಯ ಹೆಸರುಗಳು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮೂರು ತಿಂಗಳಿಗಾಗುವಷ್ಟು ಮಾತ್ರೆಯನ್ನು ಚೀಟಿಯ ಸಮೇತ ಕೈಚೀಲದಲ್ಲಿಯೇ ಒಯ್ಯಿರಿ. ಹಲ್ಲಿನ ಕೆಲಸ, ಕಣ್ಣಿನ ಪೊರೆಯ ಕೆಲಸ ಬಾಕಿ ಇದ್ದರೆ ಇಲ್ಲಿಯೇ ಮುಗಿಸಿ, ಕನ್ನಡಕ ಎರಡು ಜೊತೆ ಇರಲಿ. ಫಿಜಿಯಲ್ಲಿ ಮಲೇರಿಯಾ ಇಲ್ಲ. ಡೆಂಗಿ ಇದೆ, ಮಳೆನೀರು ನಿಂತ ಕಡೆ ಇಲಿಜ್ವರವೂ ಇದೆ. ಮಂಗನ ಕಾಯಿಲೆಯ ಜಿಲ್ಲೆಯಿಂದ ಹೋಗುವವರಿಗೆ ಜ್ವರವನ್ನು ಲಘುವಾಗಿ ತೆಗೆದುಕೊಳ್ಳಬಾರದೆಂದು ಬೇರೆ ಹೇಳಬೇಕಿಲ್ಲ. ಸುವಾದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆಯೂ ಖಾಸಗಿ ಆಸ್ಪತ್ರೆಯೂ ಇವೆ. ಆದರೂ ಕ್ಲಿಷ್ಟ ಚಿಕಿತ್ಸೆಗೆ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಅಥವಾ ಭಾರತಕ್ಕೇ ಕಳಿಸುವುದುಂಟು. ಹಾಗೆ ವಿಮಾನದಲ್ಲಿ ಸಾಗಿಸುವ ಖರ್ಚನ್ನೂ ಒಳಗೊಂಡ ವಿಮೆ ಬೇಕು. ನಮ್ಮ ಸಾಮಾನ್ಯ ಆರೋಗ್ಯ ವಿಮೆಗಳು ಹೊರದೇಶದ ಚಿಕಿತ್ಸೆಗೆ ಹಣ ಕೊಡುವುದು ವಿರಳ, ಪ್ರವಾಸದ ವಿಮೆಯಾದರೆ ಹಳೆಯ ಕಾಯಿಲೆಯನ್ನು ಹೊರಗಿಟ್ಟು ಕೆಲವೇ ತಿಂಗಳಿಗೆ ಸೀಮಿತವಾಗಿರುತ್ತದೆ. 18 ತಿಂಗಳಿಗೆ ಯಾವುದು ಅನ್ವಯಿಸುತ್ತದೆಂಬುದನ್ನು ಚರ್ಚಿನ ಮಿಷನರಿ ವಿಭಾಗದಿಂದ ಬರಹದಲ್ಲಿಯೇ ಪಡೆಯಿರಿ.

ಹಣದ ಮಟ್ಟಿಗೆ ಹಿರಿಯ ದಂಪತಿಗಳು ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳಬೇಕು, ಸಂಬಳವಿಲ್ಲ. ಹೊರದೇಶದಲ್ಲಿ ಸೇವೆ ಮಾಡುವವರು ವಸತಿಗೆ ಕೊಡಬೇಕಾದ ಮೊತ್ತಕ್ಕೆ 2011ರಲ್ಲಿ ಚರ್ಚ್ ಒಂದು ಗರಿಷ್ಠ ಮಿತಿ ಹಾಕಿತು. ಈಗಿನ ಮಿತಿಯನ್ನು ಕೇಳಿ ತಿಳಿದು, ಅದರ ಮೇಲೆ ಊಟ, ಪೆಟ್ರೋಲು, ಫೋನು, ಔಷಧಗಳನ್ನು ಕೂಡಿಸಿ, ನಿಮ್ಮಿಬ್ಬರ ಪಿಂಚಣಿಯೊಂದಿಗೆ ತಾಳೆ ನೋಡಿ. ಪಿಂಚಣಿಯಲ್ಲಿಯೇ ಸಾಗದೆ ಠೇವಣಿ ಮುರಿಯಬೇಕಾಗಿ ಬಂದರೆ 18 ತಿಂಗಳ ಬದಲು ಕಡಿಮೆ ಅವಧಿಯ ಸೇವೆಯನ್ನು, ಅಥವಾ ಭಾರತದೊಳಗಿನ ಸೇವೆಯನ್ನು, ಯೋಚಿಸಿ. ಆರು ತಿಂಗಳ, ಒಂದು ವರ್ಷದ ಕರೆಗಳೂ ಇವೆ.

ಕಾಗದಪತ್ರಗಳಲ್ಲಿ ನಿಮ್ಮ ವಯಸ್ಸಿನ ದಂಪತಿಗಳು ಸಾಮಾನ್ಯವಾಗಿ ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಮದುವೆಯ ದಾಖಲೆ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಮದುವೆ ನೋಂದಣಿಯೇ ಆಗಿಲ್ಲ, ಪಾಸ್‌ಪೋರ್ಟಿನಲ್ಲಿ ಗಂಡನ ಕುಲನಾಮ ಒಂದು, ಹೆಂಡತಿಯದು ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಇಬ್ಬರೂ ದಂಪತಿಯೆಂದು ಹೊರದೇಶದ ಕಚೇರಿಗೆ ತೋರಿಸಲು ವಿವಾಹ ನೋಂದಣಿ ಪತ್ರ ಬೇಕು, ಅದರ ಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಅಪೋಸ್ಟೀಲ್ ಮುದ್ರೆಯನ್ನೂ (ದಾಖಲೆ ಅಸಲಿಯೆಂದು ಹೊರದೇಶಕ್ಕೆ ದೃಢೀಕರಿಸುವ ಮುದ್ರೆ) ಕೇಳಬಹುದು. ಎರಡು, ಪಿಂಚಣಿದಾರರ ಜೀವಿತ ಪ್ರಮಾಣಪತ್ರ. ಅದನ್ನು ಸಾಮಾನ್ಯವಾಗಿ ನವೆಂಬರಿನಲ್ಲಿ ಕೊಡಬೇಕು, ಆಗ ನೀವು ಸುವಾದಲ್ಲಿರುತ್ತೀರಿ. 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಈಗ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿಯೂ ಕೊಡಬಹುದು. ಅದು ಕೈಕೊಟ್ಟರೆ ಸುವಾದಲ್ಲಿರುವ ಭಾರತೀಯ ಹೈಕಮಿಷನ್ನಿನ ಅಧಿಕಾರಿಯ ಸಹಿ ಪಡೆದು ಕಳಿಸಬಹುದು. ನಿಮ್ಮ ಶ್ರೀಮತಿಯವರಿಗೆ ಪಿಂಚಣಿ ಕೊಡುವ ಶಾಖೆಯಲ್ಲಿ ಯಾವುದನ್ನು ಒಪ್ಪುತ್ತಾರೆಂದು ಹೊರಡುವ ಮೊದಲೇ ಕೇಳಿ. ಬ್ಯಾಂಕಿನ ಒಟಿಪಿ ಬರುವ ಸಿಮ್ ಸತ್ತುಹೋಗದಂತೆ ರೀಚಾರ್ಜ್ ಮಾಡಿಸುತ್ತಿರುವ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಹೊರದೇಶದಲ್ಲಿಯೂ ಸಂದೇಶ ಬರುವಂತೆ ರೋಮಿಂಗ್ ಮಾಡಿಸಿಕೊಂಡು ಹೋಗಿ. ಒಂದು ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ನಿಮ್ಮ ನಿವಾಸಿ ಸ್ಥಾನ ಬದಲಾಗಬಹುದಾದ್ದರಿಂದ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿರಿ. ಫಿಜಿಗೆ ಪ್ರವಾಸಿಗರಾಗಿ ಹೋಗಲು ಭಾರತೀಯರಿಗೆ ಮುಂಗಡ ವೀಸಾ ಬೇಡವೆಂಬ ಕಾರಣಕ್ಕೆ ಹಾಗೆಯೇ ಹೊರಟುಬಿಡುವ ಉತ್ಸಾಹವೂ ಬೇಡ. ಸೇವೆಗೆ ಬೇಕಾದ ಪರವಾನಗಿ ಕೈಗೆ ಬಂದ ಮೇಲೆಯೇ ಹೊರಡಿ.

ತೋಟದ ಲೆಕ್ಕವನ್ನು ಚರ್ಚಿನವರು ಹಾಕಿಕೊಡುವುದಿಲ್ಲ, ನಾವೇ ಹಾಕಬೇಕು. ಅಡಿಕೆಯ ಕೊನೆಕೊಯ್ಲು ಮುಗಿಯುವ ಫೆಬ್ರವರಿಯಲ್ಲಿ ಹೊರಟರೆ 18 ತಿಂಗಳು ಮುಗಿಯುವುದು ಮರುವರ್ಷದ ಆಗಸ್ಟಿಗೆ. ತಪ್ಪುವುದು ಒಂದೇ ಕೊಯ್ಲು. ಅದೇ ಆಗಸ್ಟಿನಲ್ಲಿ ಹೊರಟರೆ ಎರಡು ಕೊಯ್ಲು ತಪ್ಪುತ್ತವೆ. ಅರ್ಜಿಯಲ್ಲಿ ಯಾವಾಗಿನಿಂದ ಲಭ್ಯರೆಂದು ಬರೆಯುವ ಜಾಗವಿರುವುದರಿಂದ ಇದನ್ನು ನೋಡಿಕೊಂಡೇ ತಿಂಗಳು ನಮೂದಿಸಿ. ಆ ಒಂದು ವರ್ಷದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಡುವುದು ಸರಳವೆನಿಸುತ್ತದೆ, ಆದರೆ ಚೇಣಿದಾರನಿಗೆ ಕಾಯಿಯ ಮೇಲಿರುವ ಕಾಳಜಿ ಮರದ ಮೇಲೆ ಇರುವುದಿಲ್ಲ. ಮಳೆಗಾಲದ ಮೊದಲ ಮದ್ದು ಮತ್ತು ನಡುವಿನ ಎರಡನೆಯ ಮದ್ದು ಯಾರು ಹೊಡೆಸಬೇಕು, ಅಡಿಕೆ ಕೊಯ್ಯುವ ಕೊನೆಗಾರನಿಗೆ ಮುಂಗಡ ಯಾರು ಕೊಡಬೇಕು, ಕೊಳೆರೋಗ ಬಂದರೆ ನಷ್ಟ ಯಾರದು ಎಂಬುದನ್ನು ಬರೆದಿಡಿ. ಎರಡು ಮಳೆಗಾಲ ನೀವು ಇರುವುದಿಲ್ಲ ಎಂಬುದನ್ನು ಮರೆಯಬೇಡಿ. ತಮ್ಮನಿಗೋ ಮಗಳಿಗೋ ಅಧಿಕಾರಪತ್ರ ಕೊಡುವುದಾದರೆ ಫಸಲು ಮಾರಾಟ, ಬ್ಯಾಂಕು, ಕಂದಾಯ ಎಂದು ಇಂತಿಷ್ಟೇ ವಿಷಯಕ್ಕೆ ಸೀಮಿತಗೊಳಿಸಿ. ಆಸ್ತಿ ಮಾರುವ ಅಧಿಕಾರವನ್ನು ಅದರಲ್ಲಿ ಸೇರಿಸಬೇಕಾದ ಅಗತ್ಯವಿಲ್ಲ. ಮುಚ್ಚಿಟ್ಟ ಹಂಚಿನ ಮನೆ ಒಂದೇ ಮಳೆಗಾಲದಲ್ಲಿ ಬೂಸ್ಟು ಹಿಡಿದು ಗೆದ್ದಲಿನ ಪಾಲಾಗುತ್ತದೆ. ಬೀಗ ಹಾಕಿ ಹೋಗುವುದಕ್ಕಿಂತ ನಂಬಿಕಸ್ತ ಕುಟುಂಬವೊಂದನ್ನು ಬಾಡಿಗೆಯಿಲ್ಲದೆ ಇರಿಸಿ ಹೋಗುವುದು ಅಗ್ಗ.

ತಾಯಿಯವರ ವಿಷಯವನ್ನು ನೀವು ಪ್ರಶ್ನೆಯಾಗಿ ಕೇಳಿಲ್ಲ, ಆದರೆ ಬರೆದಿದ್ದೀರಿ. ಯುವ ಮಿಷನರಿಗಳು ವಾರಕ್ಕೊಮ್ಮೆ ಮನೆಗೆ ಫೋನು ಮಾಡಬಹುದೆಂದು 2019ರಲ್ಲಿ ಅನುಮತಿ ಬಂತು. ಹಿರಿಯರಿಗೆ ಆ ನಿರ್ಬಂಧ ಇರಲೇ ಇಲ್ಲ. ಸುವಾ ನಮಗಿಂತ ಆರೂವರೆ ಗಂಟೆ ಮುಂದಿದೆ, ನಮ್ಮ ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ಸಂಜೆ ಏಳೂವರೆ. ತಾಯಿಯವರ ಊಟದ ಹೊತ್ತಿಗೆ ದಿನವೂ ಮಾತಾಡಲು ಅನುಕೂಲವಾಗಿಯೇ ಇದೆ. ಕುಟುಂಬದ ಮುಖ್ಯ ಸಂದರ್ಭಗಳಿಗೆ ಮಿಷನ್ ಅಧ್ಯಕ್ಷರ ಒಪ್ಪಿಗೆ ಪಡೆದು, ಸ್ವಂತ ಖರ್ಚಿನಲ್ಲಿ, ಕೆಲವು ದಿನ ಬಂದುಹೋಗುವುದಕ್ಕೂ ಅವಕಾಶವಿದೆ. ಆದರೆ ಸುವಾದಿಂದ ನಾಂದಿ ವಿಮಾನ ನಿಲ್ದಾಣಕ್ಕೇ ರಸ್ತೆಯಲ್ಲಿ ನಾಲ್ಕು ಗಂಟೆ ಬೇಕು. ಅಲ್ಲಿಂದ ಸಿಂಗಪುರ, ಬೆಂಗಳೂರು ದಾಟಿ ಶಿವಮೊಗ್ಗ ತಲುಪಿ ತೀರ್ಥಹಳ್ಳಿಗೆ ಬರುವ ಹೊತ್ತಿಗೆ, ಟಿಕೆಟ್ ಒಡನೆ ಸಿಕ್ಕರೂ, ಎರಡು ದಿನ ಹಿಡಿಯುತ್ತದೆ. ಏನಾದರೂ ಆದರೆ ನಿಮಗಾಗಿ ಕಾಯಬೇಕೇ ಬೇಡವೇ ಎಂಬುದನ್ನು ತಮ್ಮನೊಂದಿಗೆ, ಸಾಧ್ಯವಾದರೆ ತಾಯಿಯವರೊಂದಿಗೇ, ಈಗಲೇ ಮಾತಾಡಿ ಗಟ್ಟಿಮಾಡಿಕೊಳ್ಳಿ. ತಮ್ಮನ ಹೆಂಡತಿಯನ್ನೂ ಆ ಮಾತಿಗೆ ಕೂರಿಸಿಕೊಳ್ಳಿ, ಏಕೆಂದರೆ 18 ತಿಂಗಳ ಆರೈಕೆ ನಡೆಯುವುದು ಅವರ ಕೈಯಿಂದ. ಅವರಿಗೆ ಭಾರವಾಗುತ್ತದೆಂದಾದರೆ ದಾದಿಯೊಬ್ಬರ ಖರ್ಚನ್ನು ನಿಮ್ಮ ಲೆಕ್ಕದಲ್ಲಿ ಸೇರಿಸಿ.

ಹೊರೆಯಾಗುತ್ತೇವೆಯೇ ಎಂದು ಕೇಳಿದ್ದೀರಿ. ಲೆಕ್ಕ ಬರುವ ಗಂಡ, ಮಕ್ಕಳನ್ನು ಸಂಭಾಳಿಸಿ ಗೊತ್ತಿರುವ ಹೆಂಡತಿ ಇಂಥ ಕಚೇರಿಗೆ ಹೊರೆಯಾಗುವುದಿಲ್ಲ. ಹೊರೆಯಾಗುವವರು ತಯಾರಿಯಿಲ್ಲದೆ ಬಂದು ಮೂರನೆಯ ತಿಂಗಳಿಗೆ ಮರಳಬೇಕಾಗುವವರು, ಏಕೆಂದರೆ ಅವರ ಜಾಗಕ್ಕೆ ಇನ್ನೊಂದು ದಂಪತಿ ಬರುವವರೆಗೆ ಆ ಕೆಲಸವನ್ನು ಉಳಿದವರು ಹೊರಬೇಕಾಗುತ್ತದೆ. ಆದ್ದರಿಂದ ಕೆಲಸಗಳನ್ನು ಈ ಕ್ರಮದಲ್ಲಿ ಇಟ್ಟುಕೊಳ್ಳಿ: ಮೊದಲು ತಮ್ಮನ ಮನೆಯ ಮಾತುಕತೆ, ಆಮೇಲೆ ಶಿವಮೊಗ್ಗದ ಬಾಡಿಗೆ ಮನೆಯ ಪರೀಕ್ಷೆ, ಅದು ಮುಗಿದ ಮೇಲೆ ನಿಮ್ಮ ಶ್ರೀಮತಿಯವರ ಉತ್ತರ, ಅವರು ಹೂಂ ಎಂದರೆ ಮಾತ್ರ ಅರ್ಜಿ. ವಿವಾಹ ನೋಂದಣಿಗೆ ಮತ್ತು ಹಲ್ಲಿನ ವೈದ್ಯರಿಗೆ ಇದಾವುದನ್ನೂ ಕಾಯಬೇಕಾಗಿಲ್ಲ, ಹೋಗದಿದ್ದರೂ ಅವೆರಡು ಆಗಬೇಕಾದ ಕೆಲಸಗಳೇ.